ನಾಲಿಗೆಯಣ್ಣನ ತಟ್ಟೆಯ ಮೇಲುಪ್ಪು

ವರ್ಕ್‌ಶಾಪಿನ ಹಿಂಬದಿಯಲ್ಲಿ ಊಟದ ಮೇಜು ಎಂದು ಬಳಕೆಯಾಗುತ್ತಿದ್ದದ್ದು ಹಳೆಯ ಲಿಫ್ಟೊಂದರ ಬಾಗಿಲು. ಎರಡು ಎಣ್ಣೆ ಡ್ರಮ್ಮುಗಳ ಮೇಲೆ ಅದನ್ನು ಅಡ್ಡ ಮಲಗಿಸಿದ್ದರು. ಆ ಮಧ್ಯಾಹ್ನ ಅದರ ಸುತ್ತ ಮೂವರು ಕೂತಿದ್ದರು: ಮೇಸ್ತ್ರಿ, ವೈರ್‌ಮನ್, ಮತ್ತು ಎಲ್ಲರೂ ನಾಲಿಗೆಯಣ್ಣ ಎಂದು ಕರೆಯುವ ಲಿಫ್ಟ್ ಮೆಕ್ಯಾನಿಕ್.

ವೈರ್‌ಮನ್ ತನ್ನ ಡಬ್ಬಿ ಖಾಲಿ ಮಾಡಿ, ರೂಢಿಯಂತೆ ಪಕ್ಕದವರ ಡಬ್ಬಿಗೆ ಕಣ್ಣು ಹಾಕಿದ.

"ಅತ್ತಿಗೆ ಇವತ್ತು ಏನು ಕಳಿಸಿದ್ದಾರೆ ನೋಡೋಣ," ಎನ್ನುತ್ತ ನಾಲಿಗೆಯಣ್ಣನ ಡಬ್ಬಿಯಿಂದ ಕುಂಬಳಕಾಯಿ ಪಲ್ಯದ ಒಂದು ದೊಡ್ಡ ತುತ್ತು ಎತ್ತಿ ಬಾಯಿಗಿಟ್ಟುಕೊಂಡ. ಅಗಿಯುವುದು ನಿಂತಿತು. ಎದ್ದು ನಲ್ಲಿಯ ಕಡೆ ಓಡಿದ.

"ಏನೋ ಆಯ್ತು? ಕಲ್ಲು ಸಿಕ್ತಾ?" ಮೇಸ್ತ್ರಿ ಕೂತಲ್ಲಿಂದಲೇ ಕೂಗಿದ.

"ಕಲ್ಲಲ್ಲ ಮೇಸ್ತ್ರಿ, ಕಲ್ಲುಪ್ಪು!" ವೈರ್‌ಮನ್ ಬಾಯಿ ಮುಕ್ಕಳಿಸಿ ಬಂದ. "ಅಣ್ಣಾ, ನಿಜ ಹೇಳು. ಮನೇಲಿ ಜಗಳ ಆಗಿದ್ಯಾ?"

"ಯಾಕೋ? ಚೆನ್ನಾಗೇ ಇದೆಯಲ್ಲ."

ಮೇಸ್ತ್ರಿ ಅನುಮಾನದಿಂದ ಬೆರಳ ತುದಿಯಲ್ಲಿ ಚೂರು ತೆಗೆದು ನಾಲಿಗೆಗೆ ಮುಟ್ಟಿಸಿದ. ಮುಖ ಕಿವಿಚಿಕೊಂಡು ನೀರಿನ ಬಾಟಲಿಗೆ ಕೈ ಚಾಚಿದ. "ಉಪ್ಪಿನಕಾಯಿ ಜಾಡಿಯೊಳಗೆ ಬಿದ್ದ ಹಾಗಿದೆಯಪ್ಪ. ನೀನು ಹೆಂಗೆ ತಿಂದೆ ಇದನ್ನ?"

ಇಬ್ಬರೂ ಡಬ್ಬಿಯನ್ನೇ ನೋಡುತ್ತಿದ್ದರು. ಅದು ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲಿದ್ದ ನೀರಿನ ಲೋಟವನ್ನು ನಾಲಿಗೆಯಣ್ಣ ಮುಟ್ಟಿರಲಿಲ್ಲ.

ಅವನು ಡಬ್ಬಿಯ ಮುಚ್ಚಳ ಹಾಕಿದ. "ಹ್ಞೂಂ, ಇವತ್ತು ಅವಳ ಕೈ ಜಾರಿದೆ. ಬೆಳಗ್ಗೆ ಅವಸರದಲ್ಲಿದ್ಲು."

"ಅತ್ತಿಗೆ ಕೈನೂ ಹೋಯ್ತಾ?" ವೈರ್‌ಮನ್ ನಕ್ಕ. "ನಿನ್ನ ಬಾಯಿಗೆ ಸಿಕ್ಕಿದವರು ಯಾರೂ ಉಳಿಯಲ್ಲ ಅಣ್ಣ."

ಅದು ತಮಾಷೆಗೆ ಹೇಳಿದ್ದು. ಆದರೆ ‘ಕೈ ಹೋಗಿದೆ’ ಎಂಬ ಮಾತು ನಾಲಿಗೆಯಣ್ಣನದೇ. ಅದನ್ನು ಅವನು ಯಾರ ಬಗ್ಗೆ ಆಡಿದ್ದ ಎಂಬುದು ಆ ಮೇಜಿನ ಸುತ್ತ ಕೂತ ಮೂವರಿಗೂ ಗೊತ್ತಿತ್ತು.

ಲಿಫ್ಟ್ ರಿಪೇರಿಯವನಿಗೆ ಊರಿನ ಒಳಹೊರಗು ತಿಳಿದಿರುತ್ತದೆ. ಇವತ್ತು ಆಸ್ಪತ್ರೆ, ನಾಳೆ ಬಟ್ಟೆ ಅಂಗಡಿ, ನಾಡಿದ್ದು ಎತ್ತರದ ಮನೆಗಳ ಸಾಲು. ಮಿಕ್ಕ ಮೆಕ್ಯಾನಿಕ್‌ಗಳು ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ನಾಲಿಗೆಯಣ್ಣ ಬರಿಗೈಯಲ್ಲಿ ಹೋಗುತ್ತಿದ್ದ. ಕಟ್ಟಡದ ಸುತ್ತಮುತ್ತ ಎಲ್ಲಿ ತಿನ್ನುವುದೆಂದು ಆಫೀಸಿನವರನ್ನು ಕೇಳುತ್ತಿರಲಿಲ್ಲ, ಕಾವಲುಗಾರನನ್ನು ಕೇಳುತ್ತಿದ್ದ. ಆಮೇಲೆ ಆ ಜಾಗಕ್ಕೆ ಹೋಗಿ, ಒಳಗೆ ಕೂರುವ ಮೊದಲು ಹಿಂದಿನ ನಲ್ಲಿಯ ಹತ್ತಿರ ನಿಂತು, ತೊಳೆಯಲು ಬರುವ ತಟ್ಟೆಗಳನ್ನು ನೋಡುತ್ತಿದ್ದ. ತಟ್ಟೆಯಲ್ಲಿ ಜನ ಏನು ಬಿಡುತ್ತಾರೆ ಎನ್ನುವುದು ಅಡುಗೆಯವನ ಜಾತಕ ಎಂದು ಹೇಳುತ್ತಿದ್ದ.

ಹೀಗೆ ಹುಡುಕಿದ ಜಾಗಗಳು ಅವನ ಆಸ್ತಿಯಾಗಿದ್ದವು. ಪೆಟ್ರೋಲ್ ಬಂಕಿನ ಹಿಂದಿನ ಗೋಡೆಗೆ ಒರಗಿದ್ದ ಬೇಕರಿ. ಅಲ್ಲಿ ಒಲೆ ಆರಿಸುವ ಹೊತ್ತಿಗೆ ಹೋದರೆ ಅಂಚು ಸೀದ ಬನ್ನುಗಳನ್ನು ಪುಕ್ಕಟೆ ಕೊಡುತ್ತಿದ್ದರು, ಅಂಚು ಸೀದದ್ದೇ ರುಚಿ ಎಂದು ಕಂಡುಹಿಡಿದವನು ಅವನೇ. ಹೆರಿಗೆ ಆಸ್ಪತ್ರೆಯ ಕ್ಯಾಂಟೀನಿನ ಮೊಟ್ಟೆ ಪಲ್ಯ. ಅದನ್ನು ತಿನ್ನಲೆಂದೇ ಮೇಸ್ತ್ರಿ ದೂರದ ನೆಂಟರ ಬಾಣಂತಿಯರನ್ನು ಕೂಡ ತಪ್ಪದೆ ನೋಡಲು ಹೋಗುತ್ತಿದ್ದ. ಕಾವಲುಗಾರರು, ಲಿಫ್ಟಿನವರು, ಕಟ್ಟಡ ನೋಡಿಕೊಳ್ಳುವವರು ಸೇರಿ ಫೋನಿನಲ್ಲಿ ‘ಹೊಟ್ಟೆಪಾಡು’ ಎಂಬ ಗುಂಪು ಮಾಡಿಕೊಂಡಿದ್ದರು. ಅಲ್ಲಿ ಕೆಲಸದ ಮಾತಿಗಿಂತ ನಾಲಿಗೆಯಣ್ಣನ ಧ್ವನಿಯೇ ಹೆಚ್ಚು ಕೇಳುತ್ತಿತ್ತು. ಅವನು ಬರೆಯುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದ.

ಅಕ್ಕತಂಗಿಯರ ಊಟದ ಮನೆ ಅವನ ಶೋಧಗಳಲ್ಲೇ ದೊಡ್ಡದು. ಮುದ್ರಣಾಲಯದ ಹಿಂದಿನ ಗಲ್ಲಿಯಲ್ಲಿ, ಕಾಗದದ ಸುರುಳಿಗಳನ್ನು ಇಳಿಸುವ ಜಾಗಕ್ಕೆ ಎದುರಾಗಿ, ಬೋರ್ಡಿಲ್ಲದ ಒಂದು ಉದ್ದನೆಯ ಕೋಣೆ. ಅಕ್ಕ ಒಲೆಯ ಮುಂದೆ, ತಂಗಿ ಬಡಿಸಲು. ಮುದ್ರಣಾಲಯದ ಲಿಫ್ಟ್ ಕೆಟ್ಟಾಗ ಹೋದವನು ಅಲ್ಲಿ ಹುರಿದ ಬೆಳ್ಳುಳ್ಳಿ ಹಾಕಿದ ಬೇಳೆ, ಸುಟ್ಟ ಬದನೆಕಾಯಿ ಉಂಡು ಬಂದು, ಗುಂಪಿಗೆಲ್ಲ ಸಾರಿದ್ದ. ಮೊದಲು ಮುದ್ರಣಾಲಯದ ಕೆಲಸಗಾರರಷ್ಟೇ ಉಣ್ಣುತ್ತಿದ್ದ ಜಾಗದಲ್ಲಿ ಆಮೇಲೆ ಬೆಂಚಿಗೆ ಕಾಯಬೇಕಾಯಿತು. ತಂಗಿ ಅವನಿಗೆ ಕೇಳದೆಯೇ ಎರಡನೇ ಸಲ ಬೇಳೆ ಬಡಿಸುತ್ತಿದ್ದಳು. ಅಕ್ಕ ಮಾತು ಕಡಿಮೆಯವಳು. ಒಲೆಯ ಕಡೆಯಿಂದ ಒಮ್ಮೆ ತಿರುಗಿ ನೋಡಿದರೆ ಅದೇ ಉಪಚಾರ.

ಕಳೆದ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಊರಿಗೆಲ್ಲ ಬಂದ ಜ್ವರವೇ. ಮಲಗಿ ಎದ್ದ. ಎದ್ದ ಮೇಲೆ ಮೊದಲು ಹೋಗಿದ್ದು ಅಕ್ಕತಂಗಿಯರಲ್ಲಿಗೆ. ಬೇಳೆ ಸಪ್ಪೆ. ಉಪ್ಪು ಕೇಳಿದ. ಬದನೆಕಾಯಿಯೂ ಸಪ್ಪೆ, ಸುಟ್ಟ ವಾಸನೆಯೇ ಇಲ್ಲ. ಮತ್ತೆ ಉಪ್ಪು ಕೇಳಿದ. ಇನ್ನೊಂದು ದಿನ ಹೋದ, ಮತ್ತದೇ. ಮುದ್ರಣಾಲಯದ ಮೆಟ್ಟಿಲ ಮೇಲೆ ಕೂತು ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದ:

"ಅಕ್ಕತಂಗೀರ ಜಾಗ ಮುಗೀತು ಕಣ್ರೋ. ಅಕ್ಕನ ಕೈ ಹೋಗಿದೆ. ಉಪ್ಪಿಲ್ಲ, ಖಾರ ಇಲ್ಲ, ಸುಮ್ನೆ ಬಿಸಿನೀರು ಬಡಿಸ್ತಾ ಇದ್ದಾರೆ. ವಯಸ್ಸಾಯ್ತು, ಪಾಪ."

ಆ ‘ಪಾಪ’ವನ್ನು ಅವನು ಸ್ವಲ್ಪ ಎಳೆದು ಹೇಳಿದ್ದ.

ಮಾತು ಬಾಯಿಂದ ಬಾಯಿಗೆ ಹೋಗಿ ಬಣ್ಣ ಕಟ್ಟಿತು. ಅರ್ಧ ಕೇಳಿಸಿಕೊಂಡ ಒಬ್ಬ ಮುದುಕ ಕಾವಲುಗಾರ ಕಿತ್ತಳೆ ಹಣ್ಣು ಹಿಡಿದು ಊಟದ ಮನೆಗೆ ಹೋಗಿ, "ಯಾವ ಕೈ ತಾಯಿ, ಎಡಗೈಯಾ ಬಲಗೈಯಾ? ಮೆಷಿನ್ನಿಗೆ ಸಿಕ್ಕಿದ್ದಾ?" ಎಂದು ವಿಚಾರಿಸಿದನಂತೆ. ಅಕ್ಕ ಎರಡು ಕೈಯನ್ನೂ ಎತ್ತಿ ತೋರಿಸಿದಳಂತೆ. ಈ ಕತೆ ಗುಂಪಿನಲ್ಲಿ ಬಂದಾಗ ನಾಲಿಗೆಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಗಿರಾಕಿಯೊಬ್ಬ ಬೆಂಚಿನ ಮೇಲೆ ಕೂತು ಅವನ ಧ್ವನಿಯನ್ನೇ ಜೋರಾಗಿ ಹಾಕಿ ತಂಗಿಗೆ ಕೇಳಿಸಿದ್ದೂ, ತಂಗಿ ಅಕ್ಕನನ್ನು ಒಲೆಯಿಂದ ಎಬ್ಬಿಸಿ ತಾನೇ ಸೌಟು ಹಿಡಿದದ್ದೂ ಆಮೇಲೆ ತಿಳಿಯಿತು. ‘ಹೇಳಿದ್ದು ಒಳ್ಳೇದೇ ಆಯ್ತು’ ಎಂದುಕೊಂಡ.

ಆದರೆ ಬೇಕರಿಯ ಬನ್ನು ಹತ್ತಿಯಾಯಿತು. ಆಸ್ಪತ್ರೆಯ ಮೊಟ್ಟೆ ರಬ್ಬರಾಯಿತು. ಊರಿಗೆ ಊರೇ ಕೆಟ್ಟಿದೆ, ಎಣ್ಣೆಗೆ ಏನೋ ಬೆರೆಸುತ್ತಾರೆ, ಮನೆಯೂಟವೊಂದೇ ನಂಬಿಕೆಯದು ಎಂದು ತೀರ್ಮಾನಿಸಿ ಅವನು ಡಬ್ಬಿ ಒಯ್ಯತೊಡಗಿದ್ದು ಆಗಲೇ. ಲಿಫ್ಟಿನ ಮೋಟಾರು ಕೋಣೆಗಳಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದುದರಿಂದ ಅದುವರೆಗೆ ಯಾರೂ ಅವನ ಡಬ್ಬಿಗೆ ಕೈ ಹಾಕಿರಲಿಲ್ಲ.

ಅವತ್ತು ಸಂಜೆ ಮನೆಗೆ ಬಂದವನು ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದ. ಹೆಂಡತಿ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಪಾತ್ರೆಯಲ್ಲಿ ಬೆಳಗಿನ ಕುಂಬಳಕಾಯಿ ಉಳಿದಿತ್ತು. ಒಂದು ಹೋಳು ಬಾಯಿಗಿಟ್ಟ. ಒದ್ದೆ ಬಟ್ಟೆ ಅಗಿದಂತಾಯಿತು. ತನ್ನ ಡಬ್ಬಿ ತೆರೆದು ಅದರಲ್ಲಿ ಮಿಕ್ಕಿದ್ದ ಹೋಳು ತಿಂದ. ಚೆನ್ನಾಗಿತ್ತು.

ಹೆಂಡತಿ ಬಟ್ಟೆಯ ರಾಶಿ ಹೊತ್ತು ಬಾಗಿಲಲ್ಲಿ ನಿಂತಳು. "ಬಡಿಸೋಕೆ ಮುಂಚೆ ಪಾತ್ರೆಗೆ ಯಾಕೆ ಕೈ ಹಾಕಿದ್ರಿ?"

"ಇದೂ ಅದೂ ಒಂದೇ ಪಲ್ಯಾನಾ?"

ಅವಳು ಒಳಗೆ ಬಂದಳು. ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿ, ಚಹಾಪುಡಿ ಡಬ್ಬಿಯ ಹಿಂದಿನಿಂದ ಒಂದು ಸಣ್ಣ ಕರಡಿಗೆ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟಳು. ಅದರಲ್ಲಿ ಪುಡಿಯುಪ್ಪು ಇತ್ತು.

"ನಿಮ್ಮ ತಟ್ಟೆಗೆ ಮಾತ್ರ ಮೇಲುಪ್ಪು," ಅಂದಳು. "ಒಲೆ ಮೇಲಿರೋವಾಗ ಹಾಕಿದ್ರೆ ಮಿಕ್ಕವರು ತಿನ್ನೋಕಾಗಲ್ಲ. ಬಡಿಸೋವಾಗ, ಡಬ್ಬಿ ಕಟ್ಟೋವಾಗ ಕಲಸ್ತೀನಿ."

"ಯಾವಾಗಿಂದ?"

"ಜ್ವರ ಬಿಟ್ಟಾಗಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳ್ದೆನಲ್ಲ! ಮೊದಲ ದಿನಾನೇ ಹೇಳ್ದೆ, ನಂಗೆ ಸರಿಯಾಗೇ ಇದೆ ಅಂತ. ನೀವೇನಂದ್ರಿ? ‘ಊರು ನಾಲಿಗೆ ಅಂತ ಕರೆಯೋದು ನಿನ್ನನ್ನಾ ನನ್ನನ್ನಾ?’ ಅಂದ್ರಿ." ಅವಳು ಬಟ್ಟೆ ಮಡಚತೊಡಗಿದಳು. "ಆಮೇಲೆ ತಟ್ಟೆ ತಳ್ಳಿ ಎದ್ದು ಹೋದ್ರಿ. ದಿನಾ ಯಾರು ಜಗಳ ಆಡ್ತಾರೆ? ಒಂದು ಚಿಟಿಕೆ ಉಪ್ಪಲ್ಲಿ ಮುಗಿಯೋದಾದ್ರೆ ಮುಗೀಲಿ ಅಂತ ಹಾಕ್ದೆ. ಆ ಚಿಟಿಕೆ ಬರ್ತಾ ಬರ್ತಾ ಚಮಚ ಆಯ್ತು."

ಅವಳೇ ಒಂದು ಈರುಳ್ಳಿ ಹೆಚ್ಚಿ ಅವನ ಮೂಗಿನ ಕೆಳಗೆ ಹಿಡಿದಳು. ಈರುಳ್ಳಿ ಇದೆಯೆಂದು ಅವನ ಕಣ್ಣಿಗೆ ಗೊತ್ತಾಯಿತು, ನೀರು ಬಂತು. ಮೂಗಿಗೆ ಗೊತ್ತಾಗಲಿಲ್ಲ. ಫಿನಾಯಿಲ್ ಬಾಟಲಿ ತಂದಳು. ಅದೂ ನೀರಿನ ಹಾಗೆ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಎಂದು ಅವನೇ ಹೇಳಿದ. ನಗಲು ನೋಡಿದ, ಆಗಲಿಲ್ಲ. ಮಧ್ಯಾಹ್ನ ಇಬ್ಬರ ಮುಂದೆ ‘ಅವಳ ಕೈ ಜಾರಿದೆ’ ಎಂದು ಹೆಂಡತಿಯ ತಲೆಗೆ ಕಟ್ಟಿ ಬಂದದ್ದನ್ನು ಅವಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಅವಳ ಯೋಚನೆ ಬೇರೆ ಕಡೆ ಇತ್ತು. "ಆ ಅಕ್ಕಂಗೆ ಹೇಳ್ತೀರಾ?"

"ಏನಂತ ಹೇಳೋದು?"

"ನಿಮ್ಮ ಕೈ ಎಲ್ಲೂ ಹೋಗಿಲ್ಲ, ನೆಟ್ಟಗಿದೆ ಅಂತ."

ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿದರು. ಜ್ವರದಲ್ಲಿ ವಾಸನೆಯ ನರಕ್ಕೆ ಪೆಟ್ಟಾಗಿದೆ, ನಾಲಿಗೆಗೂ ತಟ್ಟಿದೆ, ಅರ್ಧ ರುಚಿ ಇರುವುದೇ ವಾಸನೆಯಲ್ಲಿ. ಮರಳಿ ಬರಬಹುದು, ಬರದೆಯೂ ಇರಬಹುದು, ಉಪ್ಪನ್ನಂತೂ ಇವತ್ತಿನಿಂದಲೇ ಇಳಿಸಿ ಎಂದರು. ನಾಲಿಗೆಯಣ್ಣ ಹೊರಗೆ ಬಂದರೆ ಆ ಕಟ್ಟಡದ ಕಾವಲುಗಾರ ಗುರುತು ಹಿಡಿದು, "ಅಣ್ಣಾ, ಇವತ್ತು ಎಲ್ಲಿ ತಿನ್ನೋದು?" ಎಂದ. ಅವನು ಅಭ್ಯಾಸಬಲದಿಂದ ಒಂದು ಜಾಗದ ಹೆಸರು ಹೇಳಿಯೇಬಿಟ್ಟ. ರಸ್ತೆ ದಾಟಿದ ಮೇಲೆ ತಿರುಗಿ ಹೋಗಿ ‘ನನ್ನನ್ನ ಕೇಳಬೇಡ’ ಎನ್ನಬೇಕೆನಿಸಿತು. ಹೋಗಲಿಲ್ಲ.

ಮುದ್ರಣಾಲಯದ ಲಿಫ್ಟಿನಿಂದ ದೂರು ಬಂದಾಗ ಸೊಂಟನೋವಿನ ನೆಪ ಹೇಳಿ ವೈರ್‌ಮನ್‌ನನ್ನು ಕಳಿಸಿದ. ವೈರ್‌ಮನ್ ಮಧ್ಯಾಹ್ನದ ಮೇಲೆ ಬಂದವನು ಸೀದಾ ಹೇಳಿದ:

"ಅಕ್ಕತಂಗೀರಲ್ಲಿಗೆ ಹೋಗಿದ್ದೆ. ತಂಗಿ ಕೇಳಿದ್ಲು, ನಾಲಿಗೆಯಣ್ಣ ಯಾಕೆ ಬರ್ತಾ ಇಲ್ಲ, ಅವರು ಹೇಳಿದ ಹಾಗೇ ಸರಿ ಮಾಡಿದ್ದೀವಿ, ಬಂದು ನೋಡೋಕೆ ಹೇಳಿ ಅಂತ. ಅಣ್ಣಾ, ಬರೀ ಉಪ್ಪು ಖಾರ, ಒಂದು ತುತ್ತು ಇಳೀಲಿಲ್ಲ. ಅತ್ತಿಗೆ ಕುಂಬಳಕಾಯಿನೇ ವಾಸಿ."

"ಅಕ್ಕ?"

"ಹಿಂದೆ ಕೂತು ಈರುಳ್ಳಿ ಹೆಚ್ತಾ ಇದ್ದಾಳೆ."

ನಾಲಿಗೆಯಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿದ, ಮತ್ತೆ ಒರೆಸಿದ. ಆಮೇಲೆ ತನ್ನ ಮೂಗಿನ ವಿಷಯ, ಕರಡಿಗೆಯ ವಿಷಯ, ಹೆಂಡತಿಯ ಕೈ ಜಾರಿರಲಿಲ್ಲ ಎಂಬ ವಿಷಯ, ಮೂರನ್ನೂ ಒಂದೇ ಉಸಿರಿಗೆ ಹೇಳಿದ. ವೈರ್‌ಮನ್ ನಗಲಿಲ್ಲ. ಅವನು ನಕ್ಕಿದ್ದರೆ ವಾಸಿಯಿತ್ತು.

ಮರುದಿನ ಊಟದ ಹೊತ್ತಿಗೆ ಗಲ್ಲಿಗೆ ಹೋದ. ಬೆಂಚುಗಳಲ್ಲಿ ಜಾಗವಿತ್ತು, ಆ ಹೊತ್ತಿನಲ್ಲಿ ಅಲ್ಲಿ ಜಾಗ ಇರಬಾರದು. ತಂಗಿ ಅವನನ್ನು ಕಂಡವಳೇ ಸೌಟು ಬಿಟ್ಟು ಬಂದಳು.

"ಬನ್ನಿ ಅಣ್ಣ, ಬನ್ನಿ! ಎಷ್ಟು ದಿನ ಆಯ್ತು. ನಿಮ್ಮ ಮಾತು ಕೇಳಿ ಎಲ್ಲಾ ಬದಲಾಯಿಸಿದ್ದೀನಿ. ಇವತ್ತು ಬೈದ್ರೂ ಸರಿ, ಹೊಗಳಿದ್ರೂ ಸರಿ, ಉಂಡೇ ಹೋಗಬೇಕು."

ಅವನು ಬಾಯಿ ತೆರೆಯುವ ಮೊದಲೇ ತಟ್ಟೆ ಬಂತು. ಬೇಳೆಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿದ. ರುಚಿಯಾಗಿತ್ತು. ಎಷ್ಟೋ ತಿಂಗಳಿಂದ ಮನೆಯ ಹೊರಗೆ ಅವನಿಗೆ ರುಚಿಸಿದ ಮೊದಲ ತುತ್ತು ಅದು. ಅವನ ಕೈ ಅಲ್ಲೇ ನಿಂತಿತು. ಸುತ್ತ ನೋಡಿದ. ಎದುರಿನ ಬೆಂಚಿನವನು ಅನ್ನದ ಮೇಲೆ ನೀರು ಸುರಿದುಕೊಳ್ಳುತ್ತಿದ್ದ. ಅವನ ಪಕ್ಕದವನು ಬೇಳೆಯನ್ನು ಬದಿಗೆ ಸರಿಸಿ ಬರೀ ಅನ್ನ ನುಂಗುತ್ತಿದ್ದ. ನಲ್ಲಿಯ ಹತ್ತಿರದ ಬುಟ್ಟಿಯಲ್ಲಿ ಬದನೆಕಾಯಿ ಹಾಗೇ ಉಳಿದ ತಟ್ಟೆಗಳಿದ್ದವು. ಇಡೀ ಕೋಣೆ ಅವನೊಬ್ಬನ ನಾಲಿಗೆಗೆ ಬೇಯಿಸಿದ್ದನ್ನು ಉಣ್ಣುತ್ತಿತ್ತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದ.

"ಹೇಗಿದೆ ಅಣ್ಣ?"

"ಚೆನ್ನಾಗಿದೆ ಕಣಮ್ಮ," ಅಂದ. "ಅದಕ್ಕೇ ಕೆಟ್ಟಿದೆ."

"ಅಂದ್ರೆ?"

"ನಂಗೆ ವಾಸನೆ ಹೋಗಿದೆ. ರುಚಿ ಹೋಗಿದೆ. ಜ್ವರದಲ್ಲಿ. ಮನೇಲಿ ಹೆಂಡತಿ ನನ್ನ ತಟ್ಟೆಗೆ ಬೇರೆ ಉಪ್ಪು ಹಾಕ್ತಾ ಇದ್ಲು, ನಂಗೆ ಗೊತ್ತಾಗಲಿಲ್ಲ. ಅವತ್ತು ನಿಮ್ಮ ಬೇಳೆ ಸರಿಯಾಗೇ ಇತ್ತು. ಅಕ್ಕನ ಕೈ ಹೋಗಿರಲಿಲ್ಲ. ನನ್ನ ನಾಲಿಗೆ ಹೋಗಿತ್ತು."

ಹಿಂದಿನಿಂದ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು. ಅವನು ನೆನಪಿಟ್ಟುಕೊಂಡಿದ್ದಕ್ಕಿಂತ ಸಣ್ಣಗಾಗಿದ್ದಳು.

"ಇನ್ನೊಂದು ಸಲ ಹೇಳಿ," ಅಂದಳು.

ಹೇಳಿದ.

"ಇವಳು ಎಬ್ಬಿಸಿದ್ಲು, ನಾನು ಎದ್ದೆ," ಅಕ್ಕ ತಂಗಿಯ ಕಡೆ ನೋಡದೆ ಹೇಳಿದಳು. "ಒಂದು ದಿನಾನೂ ವಾದ ಮಾಡಲಿಲ್ಲ. ಯಾಕೆ ಗೊತ್ತಾ? ನಿಮ್ಮ ಮಾತು ಕೇಳಿದ ಮೇಲೆ ನಾನೇ ರುಚಿ ನೋಡ್ದೆ. ನಂಗೂ ಸಪ್ಪೆ ಅನ್ನಿಸ್ತು. ಅವತ್ತಿಂದ ಮನೇಲೂ ನಾನಾಗಿ ಉಪ್ಪು ಹಾಕಿಲ್ಲ. ಯಾರನ್ನಾದ್ರೂ ಕರೆದು, ‘ನೋಡಮ್ಮ, ಸಾಕಾ?’ ಅಂತ ಕೇಳ್ತೀನಿ. ಹುಟ್ಟಿದಾಗಿಂದ ಒಲೆ ಮುಂದೆ ಇರೋಳು."

"ತಪ್ಪಾಯ್ತಕ್ಕ."

"ನಿಮ್ಮದು ಕಾಯಿಲೆ. ಕಾಯಿಲೆಗೆ ಬೈಯೋಕಾಗುತ್ತಾ? ಆದ್ರೆ ಒಂದು ಮಾತು ನನ್ನ ಹತ್ರ ಬಂದು ಹೇಳಬಹುದಿತ್ತು. ಒಲೆ ದೂರ ಇರಲಿಲ್ಲ."

ತಂಗಿ ಸೌಟಿನ ಹಿಡಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನಾನಾದ್ರೂ ನಿನ್ನನ್ನ ಕೇಳಬೇಕಿತ್ತಕ್ಕ," ಎಂದಳು.

"ನಿಮ್ಮ ಫೋನ್ ತೆಗೀರಿ," ಎಂದು ಅಕ್ಕ ನಾಲಿಗೆಯಣ್ಣನಿಗೆ ಹೇಳಿದಳು. "ಅವತ್ತು ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ."

ಅವನು ಫೋನನ್ನು ಬಾಯಿಗೆ ಹಿಡಿದ. "ಎಲ್ಲರಿಗೂ ನಮಸ್ಕಾರ. ನನ್ನ ನಾಲಿಗೆ ಸ್ವಲ್ಪ—"

"ಸ್ವಲ್ಪ ಅಲ್ಲ," ಅಕ್ಕ ತಡೆದಳು. "ನನ್ನ ಕೈ ಹೋಗಿದೆ ಅಂದಾಗ ಸ್ವಲ್ಪ ಅಂದಿದ್ರಾ?"

ಬೆಂಚಿನ ಮೇಲಿದ್ದವನೊಬ್ಬ ಕೆಮ್ಮಿ ನಗು ನುಂಗಿದ. ನಾಲಿಗೆಯಣ್ಣ ಅಳಿಸಿ ಮತ್ತೆ ಶುರು ಮಾಡಿದ. ಈ ಸಲ ಪಿಸುಗುಟ್ಟಿದಂತೆ ಹೇಳಿದ. "ಅವತ್ತು ಗಟ್ಟಿಯಾಗಿ ಹೇಳಿದ್ರಿ," ಎಂದಳು ಅಕ್ಕ. ಮೂರನೇ ಸಲ ಗಟ್ಟಿಯಾಗಿ ಹೇಳಿದ: ನಾಲಿಗೆ ಸತ್ತದ್ದು ತನ್ನದು, ಅಕ್ಕನ ಅಡುಗೆಯಲ್ಲಿ ಕುಂದು ಇರಲಿಲ್ಲ, ಎಲ್ಲಿ ಉಣ್ಣಬೇಕೆಂದು ಇನ್ನು ಯಾರೂ ತನ್ನನ್ನು ಕೇಳಬಾರದು. ಕಳಿಸಿದ. ತುಸು ಹೊತ್ತಿಗೆ ಪಕ್ಕದ ಬೆಂಚಿನವನ ಫೋನಿನಿಂದ ಅವನದೇ ಧ್ವನಿ ಹೊರಬಂತು. ಅದು ಕೊನೆಯವರೆಗೆ ಕೇಳಿ ಮುಗಿಯುವ ತನಕ ಅವನು ತಲೆ ತಗ್ಗಿಸಿ ನಿಂತಿದ್ದ. ತಟ್ಟೆಯಲ್ಲಿ ಬೇಳೆ ತಣ್ಣಗಾಗಿತ್ತು.

"ಕೂತು ಉಣ್ಣಿ," ಅಂದಳು ಅಕ್ಕ. "ಎದ್ದು ಹೋಗಬೇಡಿ. ಇದು ನಿಮಗೋಸ್ಕರಾನೇ ಮಾಡಿರೋದು."

ಅವನು ಕೂತ. ಒಂದಗುಳೂ ಬಿಡದೆ ಉಂಡ. ಅಕ್ಕ ಹಿಂದೆ ಹೋಗಿ ಮಿಕ್ಕ ಈರುಳ್ಳಿ ಹೆಚ್ಚಿದಳು.

ಆ ಸಂಜೆ ತಂಗಿ ಅಕ್ಕನನ್ನು ಒಲೆಗೆ ಕರೆದಳು. ಅಕ್ಕ ಬರಲಿಲ್ಲ. ಮರುದಿನವೂ ಕರೆದಳು, ಅದರ ಮರುದಿನವೂ. ಈಗ ಸೋಮವಾರದಿಂದ ಬೇಳೆಯನ್ನು ಮಾತ್ರ ಮಾಡಲು ಅಕ್ಕ ಒಪ್ಪಿದ್ದಾಳೆ. ಉಪ್ಪು ಹಾಕುವಾಗ ತಂಗಿ ಪಕ್ಕದಲ್ಲಿ ನಿಂತಿರಬೇಕು ಎಂದು ಹೇಳಿದ್ದಾಳೆ.